ಸಹಾಯ ಬೇಕು: ದೂರಶಿಕ್ಷಣದಲ್ಲಿ ಬ್ಯಾಂಕಿಂಗ್ ಪದವಿ, ಬಾಂಡ್ ಲೆಕ್ಕ ತಲೆಗೆ ಹತ್ತುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹಗಲು ಕೆಲಸ ಮಾಡಿಕೊಂಡು ದೂರಶಿಕ್ಷಣದಲ್ಲಿ ಬ್ಯಾಂಕಿಂಗ್ ಮತ್ತು ಫೈನಾನ್ಸ್ ಪದವಿ ಓದುತ್ತಿದ್ದೇನೆ. ಓದಲು ಸಿಗುವುದು ರಾತ್ರಿ ಒಂದೂವರೆ ಗಂಟೆ ಅಷ್ಟೇ.

ಥಿಯರಿ ಹೇಗೋ ನಡೆಯುತ್ತದೆ. ಬಾಸೆಲ್ 3 (ಬ್ಯಾಂಕುಗಳ ಬಂಡವಾಳಕ್ಕೆ ಇರುವ ಅಂತರರಾಷ್ಟ್ರೀಯ ನಿಯಮಗಳು) ಪ್ರಕಾರ ರಿಸ್ಕ್ ತೂಕ ಹಾಕಿದ ಆಸ್ತಿಗೆ ಕನಿಷ್ಠ ಶೇ. 8 ಬಂಡವಾಳ, ಅದರ ಮೇಲೆ ಶೇ. 2.5 ಬಫರ್ ಇರಬೇಕು ಎನ್ನುವುದೆಲ್ಲ ಒಮ್ಮೆ ಓದಿದರೆ ನೆನಪಿರುತ್ತದೆ. ಕಷ್ಟವಾಗುತ್ತಿರುವುದು ಲೆಕ್ಕದ ಪೇಪರ್. ಒಂದು ವರ್ಷದ ನಂತರ ಬರುವ 100ಕ್ಕೆ ಶೇ. 5 ದರದಲ್ಲಿ ಇವತ್ತಿನ ಬೆಲೆ 95.24, ಇಷ್ಟು ಅರ್ಥವಾಗಿದೆ. ಬಡ್ಡಿ ದರ ಏರಿದರೆ ಬಾಂಡ್ ಬೆಲೆ ಯಾಕೆ ಇಳಿಯುತ್ತದೆ ಅನ್ನುವುದೂ ಅದರಿಂದಲೇ ತಿಳಿಯಿತು. ಆದರೆ ಡ್ಯುರೇಶನ್ (ಬಾಂಡ್‌ಗೆ ವರ್ಷಗಳಲ್ಲಿ ಲೆಕ್ಕ ಹಾಕುವ ಒಂದು ಅಳತೆ) ಬಂದ ಕೂಡಲೇ ನಿಂತುಬಿಡುತ್ತೇನೆ. ಸೂತ್ರ ಹಾಕಿ ಉತ್ತರ ತೆಗೆಯಬಲ್ಲೆ. 4.3 ವರ್ಷ ಅಂತ ಬಂದರೆ ಆ 4.3 ಏನು ಹೇಳುತ್ತಿದೆ ಅಂತ ಮಾತ್ರ ಗೊತ್ತಾಗುವುದಿಲ್ಲ. ಸುಮ್ನೆ ಉರು ಹೊಡೆದು ಪಾಸಾಗುವುದು ನನಗೆ ಬೇಡ.

ತರಗತಿ ಇದ್ದಿದ್ದರೆ ಪಕ್ಕದವರನ್ನು ಕೇಳಬಹುದಿತ್ತು, ಅಲ್ವಾ? ಹೀಗೆ ಓದಿ ಮುಗಿಸಿದವರು ದಯವಿಟ್ಟು ಹೇಳಿ, ಡ್ಯುರೇಶನ್ ನಿಮಗೆ ಹೇಗೆ ಅರ್ಥವಾಯಿತು? ಲೆಕ್ಕಕ್ಕೆ ದಿನಾ ಸ್ವಲ್ಪ ಕೂರುವುದು ಒಳ್ಳೆಯದಾ, ರಜೆಯ ದಿನ ಜಾಸ್ತಿ ಹೊತ್ತು ಕೂರುವುದಾ? ಇದೇ ಪೇಪರ್ ಓದುತ್ತಿರುವವರು ಯಾರಾದರೂ ಇದ್ದರೆ ವಾರಕ್ಕೊಮ್ಮೆ ಒಟ್ಟಿಗೆ ಲೆಕ್ಕ ಮಾಡೋಣ. ನಾನು ತಯಾರಿದ್ದೇನೆ.