ಸಹಾಯ ಬೇಕು: ಪ್ಯಾಕರ್ಸ್ ಮೂವರ್ಸ್ ಫ್ರಾಂಚೈಸಿಗೆ ನಿಜವಾಗಿ ಎಷ್ಟು ದುಡ್ಡು ಬೇಕಾಗುತ್ತೆ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಮನೆ ಸಾಮಾನು ಸಾಗಿಸುವ ಕಂಪನಿಯೊಂದರ ಫ್ರಾಂಚೈಸಿ ತಗೊಳ್ಳೋಣ ಅಂತ ನಾನು, ನಮ್ಮ ಭಾವ ಯೋಚಿಸುತ್ತಿದ್ದೇವೆ. ಹೆದ್ದಾರಿ ಪಕ್ಕದ ಊರು, ಬೆಂಗಳೂರು ಹತ್ತಿರ, ವಸಂತನರಸಾಪುರದ ಕಾರ್ಖಾನೆಗಳಿಗೆ ಬಂದು ಹೋಗುವವರೂ ಇದ್ದಾರೆ. ಕೆಲಸಕ್ಕೇನೂ ಬರ ಇರಲ್ಲ ಅನ್ನಿಸುತ್ತದೆ.

ಕಂಪನಿಯವರು ಫ್ರಾಂಚೈಸಿ ಫೀಸು 4 ಲಕ್ಷ ಅಂದರು. ಅದರ ಮೇಲೆ 18% ಜಿಎಸ್‌ಟಿ ಬೇರೆ. ಅಲ್ಲಿಗೇ 4.72 ಲಕ್ಷ ಆಯ್ತು! ರಾಯಲ್ಟಿಯನ್ನೂ (ಕಂಪನಿ ಹೆಸರು ಬಳಸೋದಕ್ಕೆ ಅವರಿಗೆ ಕೊಡುತ್ತಾ ಹೋಗಬೇಕಾದ ಪಾಲು) ಲಾಭದ ಮೇಲಲ್ಲ, ಬಿಲ್ಲಿನ ಮೊತ್ತದ ಮೇಲೆ ಕೇಳುತ್ತಾರೆ. ಡೀಸೆಲ್, ಹಮಾಲಿಗಳ ಕೂಲಿ, ರಟ್ಟಿನ ಡಬ್ಬ, ಬಬಲ್ ರ‍್ಯಾಪ್ ಎಲ್ಲಾ ಕಳೆದ ಮೇಲೆ ನಮಗೇನು ಉಳಿಯುತ್ತೆ? ಇದೇ ನನ್ನ ದೊಡ್ಡ ಚಿಂತೆ.

ಭಾವನಿಗೆ ಸ್ವಂತ 14 ಅಡಿ ಗಾಡಿ ಬೇಕಂತೆ. ನನಗೆ ಕಂತಿನ ಭಯ. ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ಒಂದು ಇಟ್ಟುಕೊಂಡು, ದೊಡ್ಡ ಗಾಡಿ ಬಾಡಿಗೆಗೆ ತಂದರೆ ನಡೆಯಲ್ವಾ? ಆಷಾಢದಲ್ಲಿ ಯಾರೂ ಮನೆ ಬದಲಾಯಿಸಲ್ಲ, ಆದರೆ ಗೋದಾಮಿನ ಬಾಡಿಗೆ ನಿಲ್ಲಲ್ಲ ಅಲ್ವಾ. ಅದಕ್ಕೆ ಎಷ್ಟು ತಿಂಗಳ ಖರ್ಚು ಕೈಯಲ್ಲಿರಬೇಕು?

ಅಂತರಸನಹಳ್ಳಿ ಕಡೆ ಗೋದಾಮಿಗೆ ಅಡ್ವಾನ್ಸ್ ಎಷ್ಟಿದೆ, ಫ್ರಾಂಚೈಸಿ ಫೀಸಿಗೂ ಮುದ್ರಾ ಸಾಲ ಕೊಡುತ್ತಾರಾ ಅಂತಲೂ ಗೊತ್ತಿದ್ದವರು ತಿಳಿಸಿ. ಫ್ರಾಂಚೈಸಿ ಮಾರುವವರು ದಯವಿಟ್ಟು ಇನ್‌ಬಾಕ್ಸ್‌ಗೆ ಬರಬೇಡಿ. ಈ ಕೆಲಸ ಮಾಡಿದವರು ಮಾತ್ರ ಹೇಳಿ.