ಸಹಾಯ ಬೇಕು: ಕೊನೆಯ ಸೊನ್ನೆ ಬರೆಯಬೇಕಾ, ಬೇಡವಾ?

ನಮಸ್ಕಾರ. ಕಲಬುರಗಿಯಲ್ಲಿ ಬಿ.ಎಸ್ಸಿ. ಮೊದಲ ವರ್ಷ. 0.63 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳು ತೂಗಿ 100 ಮಿ.ಲೀ. ದ್ರಾವಣ ಮಾಡಿದೆ, ಅಂದರೆ 0.05 ಮೋಲಾರ್ (ಲೀಟರಿಗೆ 0.05 ಮೋಲ್). ಅದರಲ್ಲಿ 10 ಮಿ.ಲೀ. ಪಿಪೆಟ್‌ನಲ್ಲಿ ತೆಗೆದು, ಬ್ಯೂರೆಟ್‌ನಿಂದ (ಅಳತೆ ಗೆರೆಗಳಿರುವ ಗಾಜಿನ ಕೊಳವೆ) ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟೆ. ಕೊನೆಯ ಎರಡು ಸಲವೂ 10.1 ಮಿ.ಲೀ. ಬಂತು. (ಮೊದಲ ಸಲ ಗುಲಾಬಿ ಬಣ್ಣ ಜಾಸ್ತಿಯಾಗಿ 10.6 ಆಗಿತ್ತು, ಅದನ್ನು ಕೈಬಿಟ್ಟೆ.)

ಒಂದು ಮೋಲ್ ಆಮ್ಲಕ್ಕೆ ಎರಡು ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಅಂತ ಲೆಕ್ಕ ಹಿಡಿದರೆ, ಸೋಡಿಯಂ ಹೈಡ್ರಾಕ್ಸೈಡ್‌ನ ಮೋಲಾರಿಟಿ ಕ್ಯಾಲ್ಕುಲೇಟರ್‌ನಲ್ಲಿ 0.0990099. ಸುಮ್ನೆ ಅಷ್ಟನ್ನೂ ಬರೆದೆ, ಮೇಡಂ ಕೆಂಪು ಗೆರೆ ಎಳೆದರು. ಗೆಳತಿ 0.0990 ಅನ್ನುತ್ತಾಳೆ. ಬ್ಯೂರೆಟ್‌ನಲ್ಲಿ ಮೂರು ಅಂಕಿ ಇದೆ, ಸರಿ. ಆದರೆ ತಕ್ಕಡಿ ತೋರಿಸಿದ್ದು ಎರಡೇ ಅಂಕಿ. ಅದೂ ನಮ್ಮೂರ ಬಿಸಿಲಿಗೆ ಫ್ಯಾನ್ ಹಾಕಿದರೆ ಕೊನೆಯ ಅಂಕಿ ಕುಣಿಯುತ್ತಲೇ ಇರುತ್ತದೆ! ಹಾಗಾದರೆ 0.099 ಸಾಕಲ್ವಾ? ಸೋಮವಾರ ರೆಕಾರ್ಡ್ ಕೊಡಬೇಕು. ಯಾರಾದರೂ ಬಿಡಿಸಿ ಹೇಳಿ.