ಹಳೆಯ ಜಪಾನೀ ಕತ್ತಿಗಳು: ಲೋಹ ಸಂರಕ್ಷಕಿಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ವಸ್ತುಸಂಗ್ರಹಾಲಯಗಳ ಲೋಹದ ವಸ್ತುಗಳನ್ನು ಸಂರಕ್ಷಿಸುವ ಕೆಲಸದಲ್ಲಿರುವ, ಜಪಾನೀ ಕತ್ತಿ ಮತ್ತು ಅದರ ಸಜ್ಜುಗಳನ್ನು ಬಹುಕಾಲ ಕೈಯಾರೆ ನೋಡಿರುವ ಸದಸ್ಯೆಯೊಬ್ಬರು ಇಂದು ಉತ್ತರಿಸಲು ಒಪ್ಪಿದ್ದಾರೆ. ಎಂದಿನಂತೆ ಹೆಸರಿನ ಬದಲು ಊರನ್ನು ಬರೆಯಿರಿ. ಮಾರಾಟದ ಮಾತು ಬೇಡ.

ಬೆಂಗಳೂರು: ಮೇಡಂ, ಚಿತ್ರದಲ್ಲಿರುವ ಕತ್ತಿ ಅಸಲಿಯೇ? ಇದರ ಬೆಲೆ ಎಷ್ಟಾಗಬಹುದು?

ಸಂರಕ್ಷಕಿ: ಒರೆಯಲ್ಲಿರುವ ಕತ್ತಿಯ ಚಿತ್ರದಿಂದ ಏನನ್ನೂ ಹೇಳಲಾಗದು. ಬೆಲೆಯನ್ನು ನಾನು ಹೇಳುವುದಿಲ್ಲ.

ಮಡಿಕೇರಿ: ನಮಸ್ಕಾರ ಮೇಡಂ. ಸೇನೆಯಲ್ಲಿದ್ದ ನಮ್ಮ ಅಜ್ಜ, 1945ರಲ್ಲಿ ಮಲಯಾದಲ್ಲಿ ಜಪಾನೀಯರು ಶರಣಾದ ಬಳಿಕ ದೊರೆತದ್ದೆಂದು ಒಂದು ಕತ್ತಿಯನ್ನು ಮನೆಗೆ ತಂದಿದ್ದರು. ಲೋಹದ ಒರೆಗೆ ಕಂದು ಚರ್ಮದ ಹೊದಿಕೆಯಿದೆ. ಹಿಡಿಯ ಬಿದಿರುಮೊಳೆಯನ್ನು ತೆಗೆದು ನೋಡಿದಾಗ, ಒಳಗಿದ್ದ ಅಲಗಿನ ಬಾಲಕ್ಕೆ ಕಪ್ಪುಗಂದು ಬಣ್ಣದ ತುಕ್ಕು ಹಿಡಿದಿರುವುದೂ, ಅದರಲ್ಲಿ ಎರಡು ತೂತುಗಳಿರುವುದೂ, ಕೆಳತುದಿಯಲ್ಲಿ ಮೂರು ಅಕ್ಷರಗಳಿರುವುದೂ ಕಂಡಿತು. ಮೂರನೆಯ ಅಕ್ಷರ ಅರ್ಧಕ್ಕೇ ತುಂಡಾಗಿದೆ. ಮೊದಲು ಹುಣಸೆಹುಳಿಯಲ್ಲಿ ತುಕ್ಕು ತೆಗೆದು ಆಮೇಲೆ ಪೇಟೆಯಲ್ಲಿ ಸಾಣೆ ಹಿಡಿಸೋಣ ಎಂದು ಚಿಕ್ಕಪ್ಪ ಹೇಳುತ್ತಿದ್ದಾರೆ. ಚಿತ್ರಗಳನ್ನು ಹಾಕಿದ್ದೇನೆ.

ಸಂರಕ್ಷಕಿ: ಎರಡನ್ನೂ ಮಾಡಬೇಡಿ. ಚಿಕ್ಕಪ್ಪನವರಿಗೆ ಇದನ್ನು ಈಗಲೇ ಓದಿ ಹೇಳಿ. ಮಿಕ್ಕದ್ದನ್ನು ನಿಧಾನವಾಗಿ ಓದಬಹುದು.

ಹಿಡಿಯೊಳಗಿನ ಆ ಬಾಲವನ್ನು ನಕಾಗೊ ಎನ್ನುತ್ತಾರೆ. ಜಪಾನಿನಲ್ಲಿ ಅಲಗನ್ನು ಎಷ್ಟು ಸಲ ಉಜ್ಜಿ ಹೊಳಪು ಕೊಟ್ಟರೂ ನಕಾಗೊವನ್ನು ಮಾತ್ರ ಮುಟ್ಟುವುದಿಲ್ಲ. ಶತಮಾನಗಳ ಕಾಲ ಕೂಡಿಕೊಂಡ ಆ ತುಕ್ಕಿನ ಬಣ್ಣ, ಅದರಡಿಯಲ್ಲಿ ಮಸುಕಾಗಿ ಉಳಿದ ಅರದ ಗೆರೆಗಳ ಓರೆ, ಅಕ್ಷರದ ಗೀರಿನೊಳಗೂ ತುಕ್ಕು ಸಮನಾಗಿ ಇಳಿದಿದೆಯೇ ಎಂಬುದು, ಇವುಗಳನ್ನು ನೋಡಿಯೇ ಬಲ್ಲವರು ಕತ್ತಿಯ ವಯಸ್ಸನ್ನೂ ಹೆಸರಿನ ಸಾಚಾತನವನ್ನೂ ಅಳೆಯುತ್ತಾರೆ. ಹುಣಸೆಹುಳಿ ಇಷ್ಟನ್ನೂ ಅರ್ಧ ಗಂಟೆಯಲ್ಲಿ ತೊಳೆದುಹಾಕಿದರೆ ಉಳಿಯುವುದು ಬರಿಯ ಕಬ್ಬಿಣದ ಪಟ್ಟಿ. ಸಾಣೆಯ ಚಕ್ರದ ಮಾತಂತೂ ಬೇಡವೇ ಬೇಡ. ಅಲಗಿನ ಬಾಯಿಯನ್ನು ಗಟ್ಟಿಗೊಳಿಸಿದಾಗ ಮೂಡಿದ ಬೆಳ್ಳನೆಯ ರೇಖೆ, ಅಂದರೆ ಹಮೊನ್, ಕಣ್ಣಿಗೆ ಕಾಣುವುದು ನಾಜೂಕಾದ ಕೈ ಹೊಳಪಿನಿಂದ. ಚಕ್ರವು ಆ ಹೊಳಪನ್ನೂ ಬಾಯಿಯ ಗಟ್ಟಿ ಉಕ್ಕನ್ನೂ ತಿನ್ನುವುದಲ್ಲದೆ, ಬಿಸಿಯಿಂದ ಉಕ್ಕಿನ ಗಡಸನ್ನೂ ಕೆಡಿಸಬಲ್ಲದು.

ಇನ್ನು ನಿಮ್ಮ ಚಿತ್ರಗಳು. ಹೊರಗಿನ ಸಜ್ಜು 1930ರ ದಶಕದ ಕೊನೆಯಿಂದ ಜಪಾನೀ ಸೇನಾಧಿಕಾರಿಗಳು ಧರಿಸುತ್ತಿದ್ದ ಮಾದರಿಯದು. ಅಧಿಕಾರಿಗಳು ಕತ್ತಿಯನ್ನು ಸ್ವಂತ ಖರ್ಚಿನಲ್ಲಿ ಹೊಂದಿಸಿಕೊಳ್ಳಬೇಕಿದ್ದುದರಿಂದ, ಹೆಚ್ಚಿನವರು ಕಾರ್ಖಾನೆಯ ಅಲಗನ್ನು ಕೊಂಡರು. ಕೆಲವರು ಮನೆತನದ ಹಳೆಯ ಅಲಗನ್ನು ಈ ಹೊಸ ಸಜ್ಜಿಗೆ ಕೂರಿಸಿದರು. ಯುದ್ಧಕಾಲದ ಅಲಗಾಗಿದ್ದರೆ ನಕಾಗೊ ಸಾಮಾನ್ಯವಾಗಿ ಬೂದು ಬಣ್ಣದಲ್ಲಿ, ತೆಳುವಾದ ತುಕ್ಕಿನೊಂದಿಗೆ, ಒಂದೇ ತೂತಿನಿಂದ ಕೂಡಿರುತ್ತಿತ್ತು. ಸೆಕಿ ಪಟ್ಟಣದ ಮುದ್ರೆಯೋ ಇನ್ನೊಂದು ತಪಾಸಣೆಯ ಮುದ್ರೆಯೋ ಅದರ ಮೇಲಿರುವುದು ಸಾಮಾನ್ಯ. ನಿಮ್ಮದರಲ್ಲಿ ಮುದ್ರೆಯಿಲ್ಲ, ತುಕ್ಕು ಆಳವಾಗಿದೆ, ತೂತು ಎರಡಿವೆ. ಉದ್ದವಾಗಿದ್ದ ಅಲಗನ್ನು ಯಾರೋ ನಕಾಗೊವಿನ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿ, ಹಿಡಿಗೆ ಹೊಸ ತೂತು ಕೊರೆದಿದ್ದಾರೆ. ಹಾಗೆ ಕತ್ತರಿಸುವಾಗ ಕಮ್ಮಾರನ ಸಹಿಯ ಕೊನೆಯ ಭಾಗ ಹೋಯಿತು.

ಉಳಿದ ಅಕ್ಷರಗಳು ‘ಬಿಶೂ ಒಸಾ’. ಪೂರ್ತಿಯಾಗಿದ್ದಿದ್ದರೆ ‘ಬಿಶೂ ಒಸಾಫುನೆ’ ಎಂದಾಗಿ, ಬಳಿಕ ಕಮ್ಮಾರನ ಹೆಸರು ಬರುತ್ತಿತ್ತು. ನಮಗೆ ಬೇಕಾದದ್ದೇ ಕಡಿದುಹೋಗಿದೆ. ಬಿಶೂ ಎಂದರೆ ಹಳೆಯ ಬಿಜೆನ್ ಪ್ರಾಂತ; ಅಲ್ಲಿನ ಊರಾದ ಒಸಾಫುನೆ ಈಗಿನ ಒಕಾಯಾಮಾ ಪ್ರಾಂತದ ಸೆತೊಉಚಿ ನಗರದಲ್ಲಿದೆ. ಹಳೆಯ ಜಪಾನಿನ ಅತಿ ದೊಡ್ಡ ಕತ್ತಿ ಕೇಂದ್ರವಾಗಿದ್ದ ಆ ಊರು 16ನೇ ಶತಮಾನದ ಕೊನೆಯಲ್ಲಿ ಯೊಶೀ ನದಿಯ ಪ್ರವಾಹಕ್ಕೆ ಸಿಕ್ಕಿ ಕುಗ್ಗಿಹೋಯಿತು. ಇದನ್ನು ಓದಿ ಹಿಗ್ಗಬೇಡಿ. 15ನೇ ಶತಮಾನದ ಒಳ್ಳೆಯ ಕಮ್ಮಾರರೂ ‘ಬಿಶೂ ಒಸಾಫುನೆ’ ಎಂದು ಬರೆದಿದ್ದಾರೆ; 16ನೇ ಶತಮಾನದ ಅಂತಃಕಲಹದ ದಿನಗಳಲ್ಲಿ ಸೈನಿಕರಿಗಾಗಿ ರಾಶಿರಾಶಿಯಾಗಿ ಬಡಿದುಹಾಕಿದ ಅಲಗುಗಳ ಮೇಲೂ ಅದೇ ಚುಟುಕು ಸಹಿಯಿದೆ. ಹೆಸರುವಾಸಿ ಊರಾದ್ದರಿಂದ ಸುಳ್ಳು ಸಹಿಗಳಿಗೂ ಕೊರತೆಯಿಲ್ಲ.

ನೀವು ಈಗ ಮಾಡಬೇಕಾದದ್ದು ಒಂದೇ. ಅಲಗಿನ ಮೊನೆ ಮೇಲಕ್ಕೆ ಬರುವಂತೆ ಹಿಡಿದು, ಸಹಿಯಿರುವ ಮುಖ ನಿಮ್ಮ ಕಡೆಗಿರುವಾಗ, ಹರಿತವಾದ ಬಾಯಿ ನಿಮ್ಮ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿ ತಿಳಿಸಿ.

ಪುಣೆ: ನಾನು ಒಂದು ತ್ಸುಬಾ ಕೊಂಡಿದ್ದೇನೆ. ಕಬ್ಬಿಣದ್ದು, ಡ್ರ್ಯಾಗನ್ ಚಿತ್ರವಿದೆ. ಎರಕದ್ದೋ ಕೆತ್ತಿದ್ದೋ ಗೊತ್ತಾಗುವುದು ಹೇಗೆ?

ಸಂರಕ್ಷಕಿ: ಕತ್ತಿಗೆ ಹಿಡಿಯ ಮುಂದೆ ತಡೆಯಾಗಿರುವ ಬಿಲ್ಲೆಯೇ ತ್ಸುಬಾ. ಕೊರೆದ ಕಿಂಡಿಗಳ ಒಳಗೋಡೆಯನ್ನು ಭೂತಗನ್ನಡಿಯಲ್ಲಿ ನೋಡಿ. ನಡುವೆ ಉದ್ದಕ್ಕೂ ತೆಳು ಏಣು ಓಡಿದ್ದರೆ, ಅಥವಾ ಮೂಲೆಗಳೆಲ್ಲ ಮೆತ್ತಗೆ ದುಂಡಾಗಿ ಮೇಲ್ಮೈಯಲ್ಲಿ ಸಣ್ಣ ಗುಳಿಗಳಿದ್ದರೆ ಎರಕವೆಂದು ಅನುಮಾನಿಸಬೇಕು. ಕೆತ್ತಿದ ತ್ಸುಬಾದಲ್ಲಿ ಉಳಿ ಹಾಯ್ದ ಕಡೆ ಅಂಚು ಚುರುಕಾಗಿರುತ್ತದೆ. ನಡುವಿನ ಸೀಳಿನ ಎರಡು ತುದಿಗಳಲ್ಲಿ ತಾಮ್ರದ ತುಣುಕು ಬೆಸೆದಿದ್ದರೆ, ಯಾವುದೋ ಅಲಗಿಗೆ ಹೊಂದಿಸಿ ನಿಜವಾಗಿ ಬಳಸಿರಬಹುದಾದ ಗುರುತು ಅದು. ಆದರೆ ಅದನ್ನೂ ನಕಲು ಮಾಡುತ್ತಾರೆ.

ಧಾರವಾಡ: ನನ್ನ ಬಳಿ ಕತ್ತಿಯ ಹಿಡಿಯ ತುದಿಗಳಿಗೆ ಹಾಕುವ ಜೋಡಿ ಬಿರಡೆಗಳಿವೆ. ಪೂರ್ತಿ ಕಪ್ಪಾಗಿದ್ದವು. ಗುಂಪಿನಲ್ಲಿ ಬಂದಿದ್ದ ಸಂದೇಶದಂತೆ ಹಿತ್ತಾಳೆ ಪಾಲಿಶಿನಲ್ಲಿ ತಿಕ್ಕಿದಾಗ ಒಳಗಿಂದ ಕೆಂಪು ತಾಮ್ರ ಹೊಳೆಯಿತು. ಮೋಸ ಹೋದೆನೇ?

ಸಂರಕ್ಷಕಿ: ಮಾರಿದವನು ಮೋಸ ಮಾಡಿಲ್ಲದಿರಬಹುದು. ತಾಮ್ರಕ್ಕೆ ಸ್ವಲ್ಪ ಚಿನ್ನವನ್ನು, ಸಾಮಾನ್ಯವಾಗಿ ನೂರಕ್ಕೆ ಕೆಲವೇ ಭಾಗವನ್ನು, ಬೆರೆಸಿದ ಶಕುದೊ ಎಂಬ ಮಿಶ್ರಲೋಹವನ್ನು ಕಿಲುಬಿನ ಉಪ್ಪುಗಳ ದ್ರಾವಣದಲ್ಲಿ ಕುದಿಸಿದಾಗ ನೀಲಿ ಹೊಳೆಯುವ ಆ ಕಪ್ಪು ಬರುತ್ತದೆ. ಗೊತೊ ಮನೆತನದ ಅಕ್ಕಸಾಲಿಗರು 15ನೇ ಶತಮಾನದಿಂದ ಬೆಳೆಸಿಕೊಂಡು ಬಂದ ಕೆಲಸದ ಜೀವವೇ ಆ ಬಣ್ಣ. ನೀವು ಕೊಳೆಯೆಂದು ತಿಕ್ಕಿದ್ದು ಅದನ್ನೇ. ಇನ್ನು ಮುಟ್ಟಬೇಡಿ; ಬಣ್ಣವನ್ನು ಮತ್ತೆ ಬರಿಸುವುದು ಪರಿಣತರ ಕೆಲಸ. ಆ ಸಂದೇಶವನ್ನು ಇನ್ನೊಬ್ಬರಿಗೆ ಕಳಿಸದಿದ್ದರೆ ಉಪಕಾರವಾಗುತ್ತದೆ.

ಮೈಸೂರು: ಮೇಡಂ, ತುಕ್ಕಿಗೆ ಕೋಲಾ ಪಾನೀಯದಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಎಮರಿ ಕಾಗದದಿಂದ ಉಜ್ಜಿ, ಕೊಬ್ಬರಿಎಣ್ಣೆ ಹಚ್ಚಬೇಕೆಂದು ಒಂದು ಫಾರ್ವರ್ಡ್ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಹಾಕುತ್ತಿದ್ದೇನೆ.

ಸಂರಕ್ಷಕಿ: ಯಾರಿಗೂ ಉಪಯೋಗವಾಗುವುದಿಲ್ಲ. ಪಾನೀಯದಲ್ಲಿರುವುದು ಆಮ್ಲ. ಎಮರಿ ಕಾಗದ ಎಳೆದ ಗೀರುಗಳನ್ನು ತೆಗೆಯಲು ಮೇಲಿನ ಉಕ್ಕನ್ನೇ ಸವೆಸಬೇಕು. ಕೊಬ್ಬರಿಎಣ್ಣೆ ಕ್ರಮೇಣ ಕಮಟಿ ಅಂಟಾಗುತ್ತದೆ. ಜಪಾನಿನಲ್ಲಿ ಹಚ್ಚುವ ಚೋಜಿ ಎಣ್ಣೆ ಈಗ ಬಹುಮಟ್ಟಿಗೆ ಲವಂಗದ ಪರಿಮಳ ಸೇರಿಸಿದ ಖನಿಜ ತೈಲ. ಅದು ಸಿಗದಿದ್ದರೆ ಶುದ್ಧವಾದ ತೆಳು ಖನಿಜ ತೈಲವನ್ನು ಮೆತ್ತನೆಯ ಬಟ್ಟೆಯಿಂದ, ಕಣ್ಣಿಗೆ ಕಾಣದಷ್ಟು ತೆಳುವಾಗಿ, ಬೆನ್ನಿನ ಕಡೆಯಿಂದ ಹಿಡಿದು ಸವರಬೇಕು. ಬೆವರಿನ ಕೈಯಿಂದ ಅಲಗನ್ನು ಮುಟ್ಟಬಾರದು.

ಮೈಸೂರು: ಹಾಗಾದರೆ ನಮ್ಮ ಹಿರಿಯರು ಕೊಬ್ಬರಿಎಣ್ಣೆ ಹಚ್ಚಿದ್ದೆಲ್ಲ ತಪ್ಪೇ?

ಸಂರಕ್ಷಕಿ: ತೆಂಗಿನಕಾಯಿ ಸುಲಿಯುವ ಕತ್ತಿಗೆ ತಪ್ಪಲ್ಲ.

ಬೆಳಗಾವಿ: ಹಿಡಿಗೆ ಸುತ್ತಿದ ರೇಷ್ಮೆ ಪಟ್ಟಿಯ ಕೆಳಗಿರುವ ಮೀನಿನ ಚರ್ಮ ಬಿರಿದಿದೆ. ಅಂಟು ಹಾಕಬಹುದೇ?

ನಾಗೋಯಾ: ಇಲ್ಲಿ ಕೆಲಸಕ್ಕಿರುವ ನನ್ನದೊಂದು ಮಾತು. ಮಡಿಕೇರಿಯವರು ಆ ಕತ್ತಿಯನ್ನು ಜಪಾನಿಗೆ ಹಿಂದಿರುಗಿಸುವುದೇ ಧರ್ಮ. ಅದು ಯಾರದೋ ಮನೆತನದ ಸ್ವತ್ತಾಗಿದ್ದಿರಬೇಕು. ಯುದ್ಧದಲ್ಲಿ ಕಿತ್ತುಕೊಂಡದ್ದನ್ನು ಗೋಡೆಗೆ ತೂಗುಹಾಕುವುದು ಹೆಮ್ಮೆಯ ವಿಷಯವೇನಲ್ಲ.

ಹಾಸನ: ಕಿತ್ತುಕೊಂಡದ್ದಲ್ಲ. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಮೌಂಟ್‌ಬ್ಯಾಟನ್ನರ ಮುಂದೆ ವಿಧಿವತ್ತಾಗಿ ಶರಣಾಗತಿಯಾಯಿತು, ಅಧಿಕಾರಿಗಳು ಕತ್ತಿಯೊಪ್ಪಿಸಬೇಕೆಂಬುದು ಅವರದೇ ಆಜ್ಞೆ. ಬರ್ಮಾದಲ್ಲಿ ಸತ್ತ ನಮ್ಮ ಸೈನಿಕರ ಮನೆಗಳಿಗೆ ಯಾರು ಏನನ್ನು ಹಿಂದಿರುಗಿಸಿದರು?

ನಾಗೋಯಾ: ನಾನು ಕತ್ತಿಯ ಬಗ್ಗೆ ಹೇಳಿದೆ, ಯುದ್ಧದ ಬಗ್ಗೆ ಅಲ್ಲ. ಜಪಾನಿನೊಳಗೇ, ಯುದ್ಧದ ಬಳಿಕ ದೇಶವನ್ನು ಆಕ್ರಮಿಸಿಕೊಂಡಿದ್ದ ಸೇನೆ ಅಸಂಖ್ಯ ಕತ್ತಿಗಳನ್ನು ವಶಪಡಿಸಿಕೊಂಡು ಹಾಳುಮಾಡಿತು. ಟೋಕಿಯೋದ ಅಕಾಬಾನೆ ಉಗ್ರಾಣದಿಂದ ಆರಿಸಿ ಉಳಿಸಿದವನ್ನು ಇಂದಿಗೂ ‘ಅಕಾಬಾನೆ ಕತ್ತಿಗಳು’ ಎನ್ನುತ್ತಾರೆ. ಉಳಿದಿರುವ ಒಂದೊಂದೂ ಅಮೂಲ್ಯ.

ಹಾಸನ: ಅಮೂಲ್ಯವೆಂದೇ ಕೊಡಗಿನ ಒಂದು ಮನೆಯವರು ಇಷ್ಟು ಕಾಲ ಕಾಪಾಡಿದ್ದಾರೆ. ಬಿಟ್ಟಿ ಉಪದೇಶ ಬೇಡ.

ನಿರ್ವಾಹಕರು: ಇಬ್ಬರೂ ದಯವಿಟ್ಟು ವಿಷಯಕ್ಕೆ ಬನ್ನಿ.

ಸಂರಕ್ಷಕಿ: ಧರ್ಮದ ತೀರ್ಮಾನ ಆ ಮನೆಯವರಿಗೆ ಬಿಟ್ಟದ್ದು. ಆದರೆ ಈ ಮಾತು ಕೇಳಿ ಯಾರಾದರೂ ಕತ್ತಿಯನ್ನು ಅಂಚೆಗೆ ಹಾಕಿಬಿಟ್ಟಾರೆಂಬ ಭಯದಿಂದ ಎರಡು ಸಂಗತಿ ಹೇಳುತ್ತೇನೆ. ಮೊದಲನೆಯದಾಗಿ, ನೂರು ವರ್ಷ ಮೀರಿದ ಕಲಾವಸ್ತುವನ್ನು 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಆದ್ದರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸದೆ ಹೆಜ್ಜೆಯಿಡಬೇಡಿ. ಎರಡನೆಯದಾಗಿ, ಜಪಾನಿನಲ್ಲಿ ಕತ್ತಿಯನ್ನು ಇಟ್ಟುಕೊಳ್ಳಲು ಪ್ರಾಂತದ ಶಿಕ್ಷಣ ಮಂಡಳಿಯ ನೋಂದಣಿ ಪತ್ರ ಬೇಕು, ಅದು ಸಿಗುವುದು ಸಾಂಪ್ರದಾಯಿಕವಾಗಿ ಬಡಿದು ಮಾಡಿದ ಅಲಗಿಗೆ ಮಾತ್ರ. ಯುದ್ಧಕಾಲದ ಕಾರ್ಖಾನೆಯ ಕತ್ತಿಯನ್ನು ಭಕ್ತಿಯಿಂದ ತವರಿಗೆ ಕಳಿಸಿದರೆ ಅಲ್ಲಿ ಅದಕ್ಕೆ ನೋಂದಣಿ ಸಿಗದೆ ನಾಶವಾಗುವುದೇ ಸಂಭವ. ನಾಗೋಯಾದವರಿಗೆ ಇದು ಗೊತ್ತಿರಬೇಕಿತ್ತು.

ನಾಗೋಯಾ: ಗೊತ್ತಿದೆ. ಮಡಿಕೇರಿಯದು ಹಳೆಯ ಅಲಗೆಂದು ನೀವೇ ಹೇಳಿದ್ದರಿಂದ ಬರೆದೆ.

ಸಂರಕ್ಷಕಿ: ಹಳೆಯದಿರಬಹುದು ಎಂದೆ.

ತುಮಕೂರು: ನಮ್ಮದರ ಮೇಲೆ ‘ಮಸಮುನೆ’ ಎಂದು ದೊಡ್ಡದಾಗಿ ಬರೆದಿದೆ. ಅಸಲಿಯೇ? ಬೆಲೆ?

ಸಂರಕ್ಷಕಿ: ಹಳೆಯ ಕಾಲದ ಹೆಸರಾಂತ ಕಮ್ಮಾರ ಮಸಮುನೆ ತನ್ನ ಅಲಗುಗಳಿಗೆ ಸಹಿ ಹಾಕಿದ್ದೇ ವಿರಳ. ದೊಡ್ಡದಾಗಿ ಬರೆದಿದ್ದರೆ ಉತ್ತರ ಅಲ್ಲೇ ಇದೆ. ಬೆಲೆಯ ಬಗ್ಗೆ ಮೇಲೆ ಹೇಳಿದ್ದೇನೆ.

ಬೆಂಗಳೂರು: ಒರೆಯಿಂದ ತೆಗೆದು ಚಿತ್ರ ಹಾಕಿದ್ದೇನೆ ಮೇಡಂ. ಈಗ ಹೇಳಬಹುದೇ?

ಸಂರಕ್ಷಕಿ: ಹಮೊನ್ ರೇಖೆ ಎರಡೂ ಕಡೆ ಒಂದೇ ಅಳತೆಯ ಅಲೆಯಾಗಿ, ಆಮ್ಲದಲ್ಲಿ ಬರೆದಂತೆ ಸಪ್ಪೆಯಾಗಿದೆ. ಅಲಂಕಾರದ ವಸ್ತು.

ಬೆಂಗಳೂರು: ಸ್ವಲ್ಪ ನಯವಾಗಿ ಹೇಳಬಹುದಿತ್ತು.

ಬೆಳಗಾವಿ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಮೈಸೂರು: ಬೆಳಗಾವಿಯವರೇ, ಫೆವಿಕಾಲ್ ಹಾಕಿ, ಹಿಡಿಯುತ್ತದೆ.

ಸಂರಕ್ಷಕಿ: ಮೈಸೂರಿನವರು ಇನ್ನು ಯಾರಿಗೂ ಏನನ್ನೂ ಹಾಕಲು ಹೇಳದಿರಲಿ.

ಮಡಿಕೇರಿ: ತಡವಾಯಿತು, ಕ್ಷಮಿಸಿ. ಚಿಕ್ಕಪ್ಪ ಒಪ್ಪಿದ್ದಾರೆ, ಹುಣಸೆಹಣ್ಣು ಅಡುಗೆಮನೆಗೆ ಹಿಂದಿರುಗಿದೆ. ಮೊನೆ ಮೇಲೆ ಮಾಡಿ ಹಿಡಿದಾಗ ಬಾಯಿ ಬಲಕ್ಕಿದೆ. ಚರ್ಮದ ಒರೆಯಲ್ಲೇ ಇಡಬಹುದೇ?

ಸಂರಕ್ಷಕಿ: ಬಲಕ್ಕೋ! ಹಾಗಿದ್ದರೆ ಸಹಿ ತಾಚಿಯ ಮುಖದಲ್ಲಿದೆ, ಅಂದರೆ ಬಾಯಿ ಕೆಳಗಾಗುವಂತೆ ಸೊಂಟಕ್ಕೆ ತೂಗುಹಾಕುತ್ತಿದ್ದ ಹಳೆಯ ಪದ್ಧತಿಯ ಕತ್ತಿಯಲ್ಲಿ ಹೊರಕ್ಕೆ ಕಾಣುವ ಮುಖದಲ್ಲಿ. 16ನೇ ಶತಮಾನದ ರಾಶಿ ಕೆಲಸದಲ್ಲಿ ಸಹಿ ಸಾಮಾನ್ಯವಾಗಿ ಎದುರು ಮುಖದಲ್ಲಿರುತ್ತದೆ. ಆದ್ದರಿಂದ ಆ ಸಾಧ್ಯತೆ ಕುಗ್ಗಿತು. ಸುಳ್ಳು ಸಹಿಯ ಸಾಧ್ಯತೆ ಉಳಿದೇ ಇದೆ. ಚರ್ಮದ ಹೊದಿಕೆ ನಿಮ್ಮ ಮಳೆಗಾಲದ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಬಿಚ್ಚಿ ಬೇರೆ ಇಡಿ, ಎಸೆಯಬೇಡಿ. ಅಲಗಿಗೆ ತೆಳುವಾಗಿ ಎಣ್ಣೆ ಸವರಿ, ನಕಾಗೊವಿಗೆ ಏನನ್ನೂ ಹಚ್ಚದೆ, ಬಾಯಿ ಮೇಲಾಗುವಂತೆ ಅಡ್ಡಲಾಗಿ ಒಣ ಜಾಗದಲ್ಲಿಡಿ. ಹಗಲು ಬೆಳಕು ಓರೆಯಾಗಿ ಬೀಳುವಾಗ ನಕಾಗೊವಿನ ಎರಡೂ ಮುಖಗಳ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ನನಗೆ ಪ್ರತ್ಯೇಕವಾಗಿ ಕಳಿಸಿ. ಮೊನೆಯ ಭಾಗದ ಹಮೊನ್ ಹೇಗೆ ತಿರುಗಿದೆ ಎಂಬುದೂ ಕಾಣಬೇಕು.

ತುಮಕೂರು: ಅವರದಕ್ಕೆ ಇಷ್ಟು ಉದ್ದ ಉತ್ತರ, ನಮ್ಮದಕ್ಕೆ ಎರಡು ಸಾಲು!

ನಿರ್ವಾಹಕರು: ಇಂದಿನ ಪ್ರಶ್ನೆಗಳನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ಮೈಸೂರಿನವರ ಫಾರ್ವರ್ಡ್ ಅನ್ನು ಅಳಿಸಲಾಗಿದೆ.